ಸ್ಟೋಕ್ ಬ್ರೂವರ್ನ್ ಕಾಲುವೆ ದಂಡೆ: ಮಂಡಿ ನೋವಿರುವ ಅಮ್ಮನ ಜೊತೆ ಎಷ್ಟು ದೂರ ಹೋಗಬಹುದು?

ಮಂಡ್ಯದ ಮಗಳು (ಮಿಲ್ಟನ್ ಕೀನ್ಸ್)

ಎಲ್ಲರಿಗೂ ನಮಸ್ಕಾರ. ಜೂನ್ ಮೊದಲ ವಾರ ಅಪ್ಪ ಅಮ್ಮ ಊರಿಂದ ಇಲ್ಲಿಗೆ, ಇಂಗ್ಲೆಂಡ್‌ಗೆ ಬರುತ್ತಿದ್ದಾರೆ. ಎರಡು ತಿಂಗಳು ಇರುತ್ತಾರೆ. ಅಮ್ಮನಿಗೆ 67 ವರ್ಷ, ಎರಡೂ ಮಂಡಿ ನೋವು. ಸಮತಟ್ಟು ದಾರಿಯಾದರೆ ಅಲ್ಲಲ್ಲಿ ಕೂತು ಎರಡು ಕಿಲೋಮೀಟರ್ ನಡೆಯುತ್ತಾರೆ. ಮೆಟ್ಟಿಲು ಬಂದರೆ ಕಷ್ಟ. ಅಪ್ಪನಿಗೆ 73. ನೀರಾವರಿ ಇಲಾಖೆಯಲ್ಲಿ ನಾಲೆ ಕಡೆ ಕೆಲಸ ಮಾಡಿದವರು, ನಡೆಯೋದಕ್ಕೆ ಬೇಸರವೇ ಇಲ್ಲ. ಇಬ್ಬರನ್ನೂ ಒಂದೇ ದಾರಿಯಲ್ಲಿ ಕರೆದುಕೊಂಡು ಹೋಗೋದು ನನ್ನ ಸಮಸ್ಯೆ.

ಕಳೆದ ಸಲ ಬಂದಾಗ ಒಂದು ಟೂರ್ ಬಸ್ಸಿನಲ್ಲಿ ಕಳಿಸಿದ್ದೆ. ಒಂದೇ ದಿನ ಮೂರು ಊರು. ಇಳಿ, ಫೋಟೋ ತೆಗೆ, ಹತ್ತು. ಸಂಜೆ ಮನೆಗೆ ಬಂದಾಗ ಅಮ್ಮನ ಮಂಡಿ ಊದಿತ್ತು. ಏನು ನೋಡಿದೆ ಅಂದರೆ ಅವರಿಗೆ ಒಂದೂ ನೆನಪಿರಲಿಲ್ಲ. ಈ ಸಲ ಹಾಗೆ ಆಗಬಾರದು. ಯಾವುದಾದರೂ ಒಂದೇ ಹಳ್ಳಿ ಸಾಕು. ನೆಮ್ಮದಿಯಾಗಿ ನೋಡಬೇಕು.

ಸ್ಟೋಕ್ ಬ್ರೂವರ್ನ್ ಅಂತ ಒಂದು ಹಳ್ಳಿ ಇದೆ, ಕಾಲುವೆ ಪಕ್ಕ ನಡೆಯಬಹುದು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಯಾರಾದರೂ ಹೋಗಿದ್ದೀರಾ? ದಾರಿ ಹೇಗಿದೆ, ಕೂರೋಕೆ ಜಾಗ ಇದೆಯಾ, ಎಲ್ಲಿಂದ ಎಲ್ಲಿಗೆ ಹೋಗಬೇಕು, ದಯವಿಟ್ಟು ಹೇಳಿ.

ತುಂಗಾ ತೀರ (ನಾರ್ತಾಂಪ್ಟನ್)

ಹೋಗಿದ್ದೀರಾ ಅಂತ ಕೇಳಿದಿರಿ. ಹದಿನಾಲ್ಕು ವರ್ಷದಿಂದ ತಿಂಗಳಿಗೆ ಒಂದು ಸಲವಾದರೂ ಹೋಗುತ್ತಿದ್ದೇನೆ! ನಮ್ಮ ಮನೆಯಿಂದ ಹನ್ನೊಂದು ಕಿ.ಮೀ., ನಿಮಗೂ ಹತ್ತಿರವೇ. ಎ508 ರಸ್ತೆ ಹಿಡಿದು ಬನ್ನಿ.

ಮೊದಲು ಒಂದು ಮಾತು. ಮಂಡಿ ನೋವಿರುವವರಿಗೆ ಈ ದೇಶದಲ್ಲಿ ಕಾಲುವೆ ದಂಡೆಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಯಾಕೆ ಗೊತ್ತಾ? ಅದನ್ನು ಮಾಡಿದ್ದು ಕುದುರೆಗಾಗಿ. ಎಂಜಿನ್ ಬರೋದಕ್ಕೆ ಮುಂಚೆ ದಂಡೆ ಮೇಲೆ ಒಂದು ಕುದುರೆ ಹಗ್ಗ ಕಟ್ಟಿಕೊಂಡು ದೋಣಿ ಎಳೆಯುತ್ತಿತ್ತು. ದೋಣಿಯಲ್ಲಿ ಸುಮಾರು 25 ಟನ್ ಕಲ್ಲಿದ್ದಲು. ಅಷ್ಟು ಭಾರ ಎಳೆಯುವ ಕುದುರೆಗೆ ಏರು ಸಿಗಬಾರದು, ಮೆಟ್ಟಿಲಂತೂ ಇರಲೇಬಾರದು. ನೀರು ಹೇಗೂ ಸಮ, ದಾರಿಯೂ ಸಮ. ಇನ್ನೂರು ವರ್ಷದ ಹಿಂದೆ ಕುದುರೆಗೆ ಅಂತ ಮಾಡಿದ ದಾರಿಯಲ್ಲಿ ಈಗ ನಮ್ಮ ಅಪ್ಪ ಅಮ್ಮಂದಿರು ಆರಾಮಾಗಿ ನಡೆಯಬಹುದು.

ಕಾಲುವೆಯ ಹೆಸರು ಗ್ರ್ಯಾಂಡ್ ಯೂನಿಯನ್. ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್‌ವರೆಗೆ 220 ಕಿ.ಮೀ., 166 ಲಾಕ್ (ದೋಣಿಯನ್ನು ಏರಿಸಿ ಇಳಿಸುವ ಕದದ ತೊಟ್ಟಿ). ನಮ್ಮ ಕಡೆಯ ಭಾಗವನ್ನು ಮೊದಲು ಗ್ರ್ಯಾಂಡ್ ಜಂಕ್ಷನ್ ಅನ್ನುತ್ತಿದ್ದರು. 1793ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ವಿಲಿಯಂ ಜೆಸೊಪ್ ಮುಖ್ಯ ಎಂಜಿನಿಯರ್. 1929ರಲ್ಲಿ ಬೇರೆ ಕಾಲುವೆಗಳ ಜೊತೆ ಸೇರಿ ಗ್ರ್ಯಾಂಡ್ ಯೂನಿಯನ್ ಆಯಿತು.

ಈಗ ನಿಮ್ಮ ದಾರಿ. ಊರಿನ ಕಾಲುವೆ ಮ್ಯೂಸಿಯಂ ಹತ್ತಿರ ಕಾರು ನಿಲ್ಲಿಸಿ, ದುಡ್ಡು ಕಟ್ಟಬೇಕು. ಮ್ಯೂಸಿಯಂ ಇರೋದು ಹಳೇ ಹಿಟ್ಟಿನ ಗಿರಣಿಯಲ್ಲಿ, 1963ರಿಂದ ಇದೆ. ಎದುರು ದಡದಲ್ಲಿ ಹುಲ್ಲು ಚಾವಣಿಯ ಪಬ್. ನಡುವೆ ನೀರು, ನೀರಿನ ತುಂಬ ಬಣ್ಣಬಣ್ಣದ ದೋಣಿ. ಇಲ್ಲಿಂದ ಉತ್ತರಕ್ಕೆ ದಂಡೆ ಹಿಡಿದು ನಡೆಯಿರಿ. ಎಂಟುನೂರು ಮೀಟರ್ ಹೋದರೆ ಬ್ಲಿಸ್ವರ್ತ್ ಸುರಂಗದ ಬಾಯಿ. ಒಂದು ಮೆಟ್ಟಿಲೂ ಇಲ್ಲ. ಎರಡೂ ಕಡೆ ಮರ ಬಾಗಿಕೊಂಡು ನೆರಳು. ಹೋಗಿ ಬಂದರೆ ಒಂದೂಮುಕ್ಕಾಲು ಕಿ.ಮೀ. ಒಳಗೇ ಆಗುತ್ತೆ. ಅಮ್ಮನಿಗೆ ಇಷ್ಟು ಸಾಕು.

ಸುರಂಗದ ಬಾಯಿಯಲ್ಲಿ ಸುಮ್ನೆ ಹತ್ತು ನಿಮಿಷ ನಿಲ್ಲಿ. ಬೇಸಿಗೆಯಲ್ಲೂ ಒಳಗಿಂದ ತಣ್ಣನೆ ಗಾಳಿ ಬರುತ್ತೆ. ಉದ್ದ 2,813 ಮೀಟರ್. ದೂರದಲ್ಲಿ ಒಂದು ದೀಪ ಕಂಡರೆ ದೋಣಿ ಬರುತ್ತಿದೆ ಅಂತ ಅರ್ಥ. ಅದು ಹೊರಗೆ ಬರೋದಕ್ಕೆ ಇನ್ನೂ ಬಹಳ ಹೊತ್ತು ಬೇಕು.

ಒಳಗೆ ದಂಡೆ ಇಲ್ಲ, ಕುದುರೆ ಹೋಗುವ ಹಾಗಿಲ್ಲ. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯನ್ನು ಮನುಷ್ಯರೇ ಕಾಲಿನಿಂದ ಒದ್ದು ನಡೆಸುತ್ತಿದ್ದರು. ಇಬ್ಬರು ಹಲಗೆ ಮೇಲೆ ಅಂಗಾತ ಮಲಗಿ, ಒಬ್ಬೊಬ್ಬರು ಒಂದೊಂದು ಗೋಡೆಗೆ ಪಾದ ಕೊಟ್ಟು, ಕತ್ತಲಲ್ಲಿ ಗೋಡೆ ಮೇಲೆ ನಡೆದ ಹಾಗೆ ನಡೆಯಬೇಕು. ಅವರಿಗೆ ಲೆಗ್ಗರ್ ಅಂತಲೇ ಹೆಸರು. ಗುರುತಿಗೆ ತೋಳಿಗೆ ಹಿತ್ತಾಳೆ ಪಟ್ಟಿ ಕಟ್ಟುತ್ತಿದ್ದರು. ಆ ನೀರಿನ ಮುಂದೆ ನಿಂತು ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತೆ.

ಎರಡು ಮಕ್ಕಳ ಅಮ್ಮ (ಬೆಡ್‌ಫರ್ಡ್)

ತುಂಗಾ ತೀರ ಸರ್, ಓದುತ್ತಿದ್ದರೆ ಈಗಲೇ ಹೊರಡೋಣ ಅನ್ನಿಸುತ್ತೆ. ನನ್ನದೊಂದು ಭಯ. ನನ್ನ ಚಿಕ್ಕವನಿಗೆ ಮೂರು ವರ್ಷ, ಕೈ ಬಿಡಿಸಿಕೊಂಡು ಓಡುತ್ತಾನೆ. ಲಾಕ್ ಹತ್ತಿರ ಬೇಲಿ ಇದೆಯಾ? ತಳ್ಳುಗಾಡಿ ಹೋಗುತ್ತಾ?

ತುಂಗಾ ತೀರ (ನಾರ್ತಾಂಪ್ಟನ್)

ನೇರವಾಗಿ ಹೇಳುತ್ತೇನೆ ಅಮ್ಮ, ಬೇಲಿ ಇಲ್ಲ. ದಂಡೆಗೂ ಇಲ್ಲ, ಲಾಕಿಗೂ ಇಲ್ಲ. ದಂಡೆಯ ಪಕ್ಕ ಕಾಲುವೆ ಆಳ ಕಮ್ಮಿ, ದೊಡ್ಡವರಿಗೆ ಸೊಂಟದ ಮಟ್ಟ ಅಷ್ಟೆ. ಆದರೆ ಲಾಕ್ ಹಾಗಲ್ಲ. ಖಾಲಿಯಾದಾಗ ಬಾವಿ ಥರ ಆಳ, ಗೋಡೆಯೆಲ್ಲ ಪಾಚಿ. ಚಿಕ್ಕ ಮಕ್ಕಳನ್ನು ಲಾಕ್ ಹತ್ತಿರ ಕೈ ಹಿಡಿದೇ ನಿಲ್ಲಿಸಬೇಕು. ಕದದ ಮೇಲಿನ ಹಲಗೆ ಸೇತುವೆ ಮೇಲೆ ಮಕ್ಕಳನ್ನು ದಾಟಿಸಬೇಡಿ. ಸುರಂಗದ ಕಡೆ ತಳ್ಳುಗಾಡಿ ಚೆನ್ನಾಗಿ ಹೋಗುತ್ತೆ.

ಹಾಗಂತ ಲಾಕ್ ನೋಡದೆ ವಾಪಸ್ ಬರಬೇಡಿ. ಊರ ನಡುವಿಂದ ದಕ್ಷಿಣಕ್ಕೆ ಏಳು ಲಾಕ್ ಸಾಲಾಗಿ ಇವೆ. ಒಟ್ಟು 17 ಮೀಟರ್ ಇಳಿತ. ಮೇಲಿನ ಎರಡು ಊರಲ್ಲೇ ಇವೆ, ಅವನ್ನು ನೋಡಿದರೂ ಸಾಕು. ಪೂರ್ತಿ ಇಳಿದರೆ ಒಂದು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಪ್ರತಿ ಲಾಕಿನ ಪಕ್ಕ ಚಿಕ್ಕ ಇಳಿಜಾರು ಇರುತ್ತೆ. ಬರುವಾಗ ಅದೇ ಏರು, ಅದನ್ನು ಮರೆಯಬೇಡಿ. ಕೆಳಗಿನ ಲಾಕ್ ದಾಟಿದರೆ ಟೋವ್ ನದಿ, ಅಗಲವಾದ ಹುಲ್ಲುಗಾವಲು, ಜನರೇ ಇಲ್ಲ.

ಲಾಕ್ ಅಂದರೆ ನೀರಿನ ಮೆಟ್ಟಿಲು. ಎರಡು ಕಡೆ ದೊಡ್ಡ ಮರದ ಕದ, ನಡುವೆ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕದ ಮುಚ್ಚಿ ತೂಬು ಎತ್ತುತ್ತಾರೆ. ನೀರು ಏರುತ್ತೆ ಇಲ್ಲ ಇಳಿಯುತ್ತೆ, ಜೊತೆಗೆ ದೋಣಿಯೂ. ಪಂಪ್ ಇಲ್ಲ, ಕರೆಂಟ್ ಇಲ್ಲ. ಒಂದು ಸಲ ತುಂಬಿ ಖಾಲಿಯಾದರೆ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಕೆಳಗೆ ಹೋಗುತ್ತೆ.

ರೈಲಿನಲ್ಲೇ ತಿರುಗುವವ (ಲಂಡನ್)

ಕಾರಿಲ್ಲದ ನಮ್ಮಂಥವರಿಗೂ ಒಂದು ದಾರಿ ಹೇಳಲೇಬೇಕು. ಸ್ಟೋಕ್ ಬ್ರೂವರ್ನ್‌ಗೆ ರೈಲಿಲ್ಲ, ಅದೇ ತೊಂದರೆ. ಅದೇ ಕಾಲುವೆ ಹಿಡಿದು ದಕ್ಷಿಣಕ್ಕೆ ಬನ್ನಿ. ಲಂಡನ್‌ನ ಯೂಸ್ಟನ್ ಸ್ಟೇಷನ್‌ನಿಂದ ವುಲ್ವರ್ಟನ್‌ಗೆ ರೈಲು, ಮಿಲ್ಟನ್ ಕೀನ್ಸ್ ಆದ ಮೇಲೆ ಮುಂದಿನ ಸ್ಟೇಷನ್. ಸ್ಟೇಷನ್ ಪಕ್ಕದಲ್ಲೇ ಕಾಲುವೆ. 1838ರಿಂದ ರೈಲು ಕಾರ್ಖಾನೆ ಇದ್ದ ಊರು. ದಂಡೆಯಲ್ಲಿ ಹೋಗುವಾಗ ಗೋಡೆ ಮೇಲೆ ಉದ್ದಕ್ಕೂ ಕಪ್ಪು ಬಿಳುಪು ರೈಲಿನ ಚಿತ್ರ ಇದೆ, ಮಕ್ಕಳಿಗೆ ಬಹಳ ಇಷ್ಟ.

ಎರಡೂವರೆ ಕಿ.ಮೀ. ಆಸುಪಾಸು ನಡೆದರೆ ಕಬ್ಬಿಣದ ಮೇಲ್ಗಾಲುವೆ. ಕೆಳಗೆ ಗ್ರೇಟ್ ಊಸ್ ನದಿ, ಹತ್ತು ಮೀಟರ್‌ಗಿಂತ ಆಳದಲ್ಲಿ. ಮೇಲೆ ಕಬ್ಬಿಣದ ತೊಟ್ಟಿಯಲ್ಲಿ ಕಾಲುವೆ, ಅದರಲ್ಲಿ ದೋಣಿ. ಮೊದಲು ಇಟ್ಟಿಗೆಯಲ್ಲಿ ಕಟ್ಟಿದ್ದರು, 1808ರಲ್ಲಿ ಕುಸಿಯಿತು. 1811ರಲ್ಲಿ ಈ ಕಬ್ಬಿಣದ್ದು ಬಂತು, ಇವತ್ತಿಗೂ ಅದೇ. ನಾವು ನಡೆಯುವ ಕಡೆ ಕಂಬಿ ಇದೆ. ಆ ಕಡೆ ತೊಟ್ಟಿಯ ಅಂಚು ಬಿಟ್ಟರೆ ಏನೂ ಇಲ್ಲ. ದೋಣಿಯವರು ಆ ಕಡೆ ನೋಡಿದರೆ ಗಾಳಿಯಲ್ಲೇ ತೇಲಿದ ಹಾಗಿರುತ್ತೆ.

ಇನ್ನೊಂದು ಕಿ.ಮೀ. ಹೋದರೆ ಕಾಸ್ಗ್ರೋವ್ ಹಳ್ಳಿ. ಅಲ್ಲಿ ಕಾಲುವೆಯ ಅಡಿಯಿಂದಲೇ ಕುದುರೆ ದಾಟೋಕೆ ಒಂದು ಪುಟ್ಟ ಸುರಂಗ ಇದೆ. ಎತ್ತರದವರು ತಲೆ ತಗ್ಗಿಸಿಕೊಂಡೇ ಹೋಗಬೇಕು. ನಿಮ್ಮ ತಂದೆಯವರನ್ನು ಇಲ್ಲಿಗೂ ಕರೆದುಕೊಂಡು ಬನ್ನಿ ಅಕ್ಕ. ಅಮ್ಮನಿಗೆ ಮಾತ್ರ ಹೋಗಿ ಬರೋದು ಜಾಸ್ತಿಯಾಗುತ್ತೆ. ಅವರಿಗೆ ಕಾಸ್ಗ್ರೋವ್ ಕಡೆಯಿಂದ ಬರೋದೇ ಹತ್ತಿರ.

ಹೊಲದ ದಾರಿ (ಕೊವೆಂಟ್ರಿ)

ಎಲ್ಲರೂ ನೀರಿನ ಪಕ್ಕದ್ದೇ ಹೇಳಿದ್ದೀರಿ. ಗುಡ್ಡದ ಮೇಲಿನ ದಾರಿ ಯಾರೂ ಹೇಳಲಿಲ್ಲ. ನನಗೆ ಅದೇ ಬಹಳ ಇಷ್ಟ.

ಸುರಂಗದ ಬಾಯಿಯಲ್ಲಿ ದಂಡೆ ಮುಗಿಯೋದಿಲ್ಲ. ಮೇಲಕ್ಕೆ ಹತ್ತುತ್ತೆ. ಕುದುರೆಗಳನ್ನು ನಡೆಸಿಕೊಂಡು ಹೋಗುತ್ತಿದ್ದ ದಾರಿ ಅದೇ. ಮಕ್ಕಳೇ ಜಾಸ್ತಿ ನಡೆಸಿಕೊಂಡು ಹೋಗುತ್ತಿದ್ದರಂತೆ. ಮೇಲೆ ಹೋದರೆ ಹೊಲದ ಮಧ್ಯೆ ದುಂಡಗಿನ ಇಟ್ಟಿಗೆ ಗೋಪುರಗಳು ಕಾಣುತ್ತವೆ, ಮನೆ ಇಲ್ಲದ ಚಿಮಣಿ ಹಾಗೆ. ಅವು ಸುರಂಗದ ಗಾಳಿಗೂಡುಗಳು. 1861ರಲ್ಲಿ ಉಗಿದೋಣಿಯ ಹೊಗೆ ಸುರಂಗದೊಳಗೆ ತುಂಬಿ ಇಬ್ಬರು ಸತ್ತರು. ಆಮೇಲೆ ಗಾಳಿಗೂಡು ಜಾಸ್ತಿ ಮಾಡಿದರು. ಗೋಧಿ ಹೊಲದಲ್ಲಿ ಅದರ ಪಕ್ಕ ನಿಂತಾಗ ಕಾಲ ಕೆಳಗೆ ಎಲ್ಲೋ ದೋಣಿಯೊಂದು ಹೋಗುತ್ತಿರುತ್ತೆ ಅನ್ನೋದನ್ನು ಯೋಚಿಸಿ.

ಇನ್ನೂ ಒಂದು ಕಥೆ ಈ ಗುಡ್ಡದ್ದು. ಸುರಂಗ ತೋಡಲು ಶುರು ಮಾಡಿದ್ದು 1793ರಲ್ಲಿ. ನೀರು ನುಗ್ಗಿ, ಮಣ್ಣು ಕುಸಿದು 1796ರಲ್ಲಿ ಮೊದಲ ಪ್ರಯತ್ನ ಕೈಬಿಟ್ಟರು. ಎರಡೂ ಕಡೆ ಕಾಲುವೆ ಸಿದ್ಧ, ನಡುವೆ ಗುಡ್ಡ. ಏನು ಮಾಡೋದು? ಗುಡ್ಡದ ಮೇಲೆ ಕಬ್ಬಿಣದ ಹಳಿ ಹಾಕಿ ಕುದುರೆ ಬಂಡಿ ಓಡಿಸಿದರು. ಒಂದು ಕಡೆ ದೋಣಿಯಿಂದ ಇಳಿಸಿ ಬಂಡಿಗೆ ತುಂಬಬೇಕು, ಆ ಕಡೆ ಮತ್ತೆ ದೋಣಿಗೆ. 1800ರಿಂದ 1805ರವರೆಗೆ ಹೀಗೇ ನಡೆಯಿತು. 1805ರಲ್ಲಿ ಸುರಂಗ ತೆರೆಯಿತು.

ಮೇಲಿಂದ ಆ ಕಡೆ ಬ್ಲಿಸ್ವರ್ತ್ ಊರಿಗೆ ಇಳಿದರೆ ಒಟ್ಟು ಮೂರು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಸ್ವಲ್ಪ ದೂರ ಡಾಂಬರು ರಸ್ತೆಯಲ್ಲೇ ನಡೆಯಬೇಕು, ಕಾರುಗಳು ಬರುತ್ತವೆ, ಬಲಗಡೆ ನಡೆಯಿರಿ. ಬ್ಲಿಸ್ವರ್ತ್‌ನ ಹಳೇ ಮನೆಗಳನ್ನು ನೋಡಿ. ಒಂದು ಸಾಲು ಕಂದು ಕಲ್ಲು, ಒಂದು ಸಾಲು ಬಿಳಿ ಕಲ್ಲು, ಪಟ್ಟೆ ಪಟ್ಟೆ. ಈ ಸೀಮೆಯ ನೆಲದಲ್ಲಿ ಎರಡೂ ಕಲ್ಲು ಸಿಗುತ್ತವೆ.

ಹೊಲದ ಕಾಲುದಾರಿಗೆ ಹೊಸಬರು ಹೆದರುತ್ತಾರೆ. ಬೇರೆಯವರ ಹೊಲ, ಬೈದರೆ ಅಂತ. ಹೆದರಬೇಡಿ. ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ನಡೆಯುವವರ ದಾರಿ, ಕಾನೂನು ಕೊಟ್ಟ ಹಕ್ಕು. ನೀಲಿ ಬಾಣದ ದಾರಿಯಲ್ಲಿ ಕುದುರೆ, ಸೈಕಲ್ ಕೂಡ ಹೋಗಬಹುದು. 1949ರ ಕಾನೂನು ಬಂದ ಮೇಲೆ ಪ್ರತಿ ಕೌಂಟಿ ಇಂಥ ದಾರಿಗಳ ನಕ್ಷೆ ಮಾಡಿ ಇಟ್ಟಿದೆ. ರೈತ ಹೊಲ ಉತ್ತರೂ ದಾರಿಯನ್ನು ಮತ್ತೆ ಬಿಡಿಸಿ ಕೊಡಬೇಕು, ಹೊಲದ ನಡುವೆ ಕನಿಷ್ಠ ಒಂದು ಮೀಟರ್ ಅಗಲ. ನಾನು ಮೊದಲ ಸಲ ಎದೆಮಟ್ಟದ ಗೋಧಿ ನಡುವೆ ಬೈತಲೆ ತೆಗೆದ ಹಾಗೆ ನೇರ ಹೋದ ದಾರಿ ನೋಡಿದಾಗ ಅಲ್ಲೇ ನಿಂತುಬಿಟ್ಟೆ. ಯಾರೋ ಒಬ್ಬ ರೈತ ಕಾಣದ ಜನ ನಡೆಯಲಿ ಅಂತ ತನ್ನ ಬೆಳೆ ಬಿಟ್ಟುಕೊಟ್ಟಿದ್ದಾನೆ, ಅಲ್ವಾ?

ನಾವು ಮಾಡಬೇಕಾದ್ದೂ ಇದೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿ ಮುಚ್ಚಿ. ಕರು ಇರುವ ಹಸುವಿನ ಹತ್ತಿರ ಹೋಗಬೇಡಿ. ಬೇಲಿ ಹತ್ತಿ ದಾಟುವ ಮರದ ಮೆಟ್ಟಿಲು ಅಲ್ಲಲ್ಲಿ ಇರುತ್ತೆ, ಹಾಗಾಗಿ ಅಮ್ಮನಿಗೆ ಹೊಲದ ದಾರಿ ಬೇಡ. ಅಪ್ಪನ ಜೊತೆ ನೀವೊಬ್ಬರೇ ಹೋಗಿ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 207 ನಕ್ಷೆ ಇಟ್ಟುಕೊಳ್ಳಿ, ಹಸಿರು ಗೆರೆಗಳೆಲ್ಲ ಈ ದಾರಿಗಳೇ.

ಮಿಂಚುಳ್ಳಿ (ರಗ್ಬಿ)

ಹಕ್ಕಿ ನೋಡುವವಳಾಗಿ ನಾನೊಂದು ಸೇರಿಸುತ್ತೇನೆ. ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಲಾಕುಗಳ ಕೆಳಗೆ ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ನೋಡುತ್ತಾ ನಿಲ್ಲಿ. ನೀಲಿ ಗೆರೆ ಎಳೆದ ಹಾಗೆ ಏನೋ ಹಾರಿದರೆ ಅದೇ ಮಿಂಚುಳ್ಳಿ. ನಮ್ಮೂರ ಕೆರೆಗಳಲ್ಲಿ ಇರುವ ಪುಟ್ಟ ನೀಲಿ ಮಿಂಚುಳ್ಳಿ ಇದೆಯಲ್ಲ, ಅದೇ ಜಾತಿ. ಬೂದು ಬಕವೂ ಅದೇ. ಕೆಂಪು ಹಣೆಯ, ಕಪ್ಪು ಮೈಯ ನೀರುಕೋಳಿಯೂ ಅದೇ. ನನ್ನ ಅತ್ತೆ ಬಂದಾಗ ಇದನ್ನು ತೋರಿಸಿದೆ. ಅದಕ್ಕೆ ಮುಂಚೆ ಈ ದೇಶದಲ್ಲಿ ನಂದು ಅನ್ನೋದು ಏನೂ ಇಲ್ಲ ಅನ್ನುತ್ತಿದ್ದರು. ಆಮೇಲೆ ಪ್ರತಿ ಶನಿವಾರ ಅವರೇ ಹೊರಡೋಣ ಅನ್ನೋಕೆ ಶುರು ಮಾಡಿದರು.

ಜೂನ್‌ನಲ್ಲಿ ಹಂಸದ ಮರಿಗಳೂ ಇರುತ್ತವೆ. ತಾಯಿ ಹಂಸ ರೆಕ್ಕೆ ಎತ್ತಿದರೆ ದೂರ ಸರಿಯಿರಿ. ಬೇಲಿ ಸಾಲಿನಲ್ಲಿ ಎಲ್ಡರ್ ಹೂ ಬಿಳಿ ಬಿಳಿಯಾಗಿ ತೂಗುತ್ತಿರುತ್ತೆ. ಬ್ಲ್ಯಾಕ್‌ಬೆರಿ ಬೇಕಾದರೆ ಆಗಸ್ಟ್ ಕೊನೆವರೆಗೆ ಕಾಯಬೇಕು. ದಾರಿ ಬದಿ ತುರಚೆ ಗಿಡ ಇರುತ್ತೆ, ಸೀರೆ ಉಟ್ಟವರು ಹುಷಾರು.

ಮಂಡ್ಯದ ಮಗಳು (ಮಿಲ್ಟನ್ ಕೀನ್ಸ್)

ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಎಲ್ಲರೂ! ಪ್ರಿಂಟ್ ತೆಗೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ. ಎರಡು ಸಣ್ಣ ಪ್ರಶ್ನೆ. ಅಮ್ಮ ಚಪ್ಪಲಿ ಬಿಟ್ಟು ಬೇರೇನೂ ಹಾಕಲ್ಲ, ನಡೆಯುತ್ತಾ? ಬುತ್ತಿ ತಗೊಂಡು ಹೋಗಿ ತಿನ್ನಬಹುದಾ?

ಎರಡು ಮಕ್ಕಳ ಅಮ್ಮ (ಬೆಡ್‌ಫರ್ಡ್)

ನಾವು ಈ ಭಾನುವಾರ ಹೋಗಿ ಬಂದೆವು, ಹಾಗಾಗಿ ಹೇಳುತ್ತೇನೆ. ಸುರಂಗದ ಕಡೆ ದಾರಿ ಗಟ್ಟಿ ಇದೆ. ಆದರೆ ಹಿಂದಿನ ದಿನ ಮಳೆ ಬಂದಿತ್ತು, ಮರದ ನೆರಳಲ್ಲಿ ಕೆಸರು ಒಣಗಿರಲಿಲ್ಲ. ಚಪ್ಪಲಿ ಬೇಡ ಅಕ್ಕ, ಜಾರುತ್ತೆ. ಹಗುರವಾದ ಶೂ ಕೊಡಿಸಿ, ಅದರೊಳಗೆ ದಪ್ಪ ಕಾಲುಚೀಲ. ನಾವು ಚಿತ್ರಾನ್ನ, ಮೊಸರನ್ನ ತಗೊಂಡು ಹೋಗಿದ್ದೆವು. ಹುಲ್ಲಿನ ಮೇಲೆ ಕೂತು ತಿಂದೆವು. ಟಾಯ್ಲೆಟ್‌ಗೆ ಮ್ಯೂಸಿಯಂ ಕಡೆ ಹೋಗಿ. ಬಾತುಕೋಳಿಗಳು ಪಕ್ಕದಲ್ಲೇ ಬಂದು ಕೂರುತ್ತವೆ, ಬ್ರೆಡ್ ಹಾಕಬೇಡಿ. ಮಗನ ಕೈ ಒಂದು ಕ್ಷಣವೂ ಬಿಡಲಿಲ್ಲ. ಅವನಿಗೆ ದೋಣಿಯವರೆಲ್ಲ ಕೈ ಬೀಸಿದರು.

ಮಂಡ್ಯದ ಮಗಳು (ಮಿಲ್ಟನ್ ಕೀನ್ಸ್)

ಹೋಗಿ ಬಂದೆವು. ಒಂದು ಸಲ ಅಲ್ಲ, ಈಗಾಗಲೇ ಮೂರು ಸಲ. ಹೇಗಾಯಿತು ಅಂತ ಹೇಳಲೇಬೇಕು ಅನ್ನಿಸಿತು.

ಮೊದಲ ದಿನ ಮಂಗಳವಾರ, ಗಲಾಟೆ ಇರಲಿಲ್ಲ. ಅಮ್ಮ ಹೊಸ ಶೂ ಹಾಕಿಕೊಂಡು ಮೊದಲ ಬೆಂಚಿನವರೆಗೆ ನಡೆದರು, ಕೂತರು. ಎದುರಿಗೆ ಒಂದು ದೋಣಿ ನಿಂತಿತ್ತು. ಅದರ ಚಾವಣಿ ಮೇಲೆ ಕುಂಡಗಳು, ಒಂದರಲ್ಲಿ ಪುದೀನ. ಪಕ್ಕದಲ್ಲಿ ನೀರು ತುಂಬುವ ತಗಡಿನ ಕೊಡ. ಕಡುಹಸಿರು ಬಣ್ಣ, ಮೇಲೆಲ್ಲ ಕೆಂಪು ಹಳದಿ ಗುಲಾಬಿ ಬರೆದಿತ್ತು. ಒಂದೊಂದು ಎಸಳೂ ಕುಂಚದ ಒಂದೇ ಎಳೆತ. ಅಮ್ಮ ಬೆರಳಿನಿಂದ ಗಾಳಿಯಲ್ಲೇ ಆ ಎಸಳು ಬರೆದು ನೋಡಿದರು. ರಂಗೋಲಿ ಹಾಕುವವರ ಕೈ ಸುಮ್ಮನಿರಲ್ಲ.

ಮ್ಯೂಸಿಯಂನಲ್ಲಿ ದೋಣಿ ಮನೆ ನೋಡಿದೆವು. ಸುಮಾರು ಹತ್ತಡಿ ಉದ್ದ, ಏಳಡಿ ಅಗಲ. ಅಷ್ಟರಲ್ಲೇ ಕರಿ ಒಲೆ, ಮಡಚಿದರೆ ಕಪಾಟು ಆಗುವ ಹಾಸಿಗೆ, ಗೋಡೆ ತುಂಬ ಅಂಚಿಗೆ ಲೇಸ್ ಇರುವ ತಟ್ಟೆಗಳು. ಗಂಡ ಹೆಂಡತಿ ಮಕ್ಕಳು ಎಲ್ಲ ಇದರಲ್ಲೇ ಇರುತ್ತಿದ್ದರು ಅಂದೆ. ಅಮ್ಮ ಬಾಗಿಲಲ್ಲಿ ಬಗ್ಗಿ ನೋಡುತ್ತಾ, "ಬಾಣಂತನವೂ ಇಲ್ಲೇನಾ?" ಅಂದರು. ಆಗ ಸಿಸ್ಟರ್ ಮೇರಿ ವಾರ್ಡ್ ಕಥೆ ಸಿಕ್ಕಿತು. ಕಾಲುವೆ ಪಕ್ಕದ ತನ್ನ ಮನೆಯಲ್ಲೇ ದೋಣಿ ಜನಕ್ಕೆ ಔಷಧಿ, ಪಟ್ಟಿ, ಹೆರಿಗೆ ಎಲ್ಲ ನೋಡಿಕೊಂಡ ನರ್ಸ್. ದೋಣಿಯವರು ಒಂದು ಕಡೆ ನಿಲ್ಲುವವರಲ್ಲ, ಬೇರೆ ಡಾಕ್ಟರ್ ಹತ್ತಿರ ಹೋಗೋಕೆ ಅವರಿಗೆ ಆಗುತ್ತಿರಲಿಲ್ಲ. 1951ರಲ್ಲಿ ಆಕೆಗೆ ಬ್ರಿಟಿಷ್ ಎಂಪೈರ್ ಮೆಡಲ್ ಕೊಟ್ಟರಂತೆ. ಅಮ್ಮ ಹೊರಗೆ ಬಂದ ಮೇಲೆ ಆ ಮನೆ ಯಾವುದು ಅಂತ ಹುಡುಕಿಸಿ, ಮುಂದೆ ನಿಂತು ಕೈ ಮುಗಿದರು.

ಈಗ ಅಪ್ಪನ ವಿಷಯ. ಮೇಲಿನ ಲಾಕ್ ಹತ್ತಿರ ಎರಡು ದೋಣಿ ಜೊತೆಯಾಗಿ ಬಂದವು. ಒಬ್ಬ ಹೆಂಗಸು ಇಳಿದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬಾಗಿದ ಕಬ್ಬಿಣದ ಹಿಡಿ ತೆಗೆದು ತಿರುಗಿಸಿದಳು. ಹಲ್ಲಿನ ಪಟ್ಟಿ ಟಕ್ ಟಕ್ ಅಂತ ಮೇಲೇರಿತು. ಕೆಳಗೆ ನೀರು ಬುಸುಗುಟ್ಟಿ ನುಗ್ಗಿತು. ಅಪ್ಪ ನನ್ನ ತೋಳು ಹಿಡಿದು, "ಇದು ತೂಬು ಕಣಮ್ಮ" ಅಂದರು. ನಲವತ್ತು ವರ್ಷ ಅವರ ಬದುಕೇ ಅದು.

ಆಮೇಲೆ ಕೇಳಿದರು, "ಈ ನೀರು ಯಾವ ಊರಿನ ಗದ್ದೆಗೆ ಹೋಗುತ್ತೆ?"

ಗದ್ದೆಗೆ ಹೋಗಲ್ಲ ಅಪ್ಪ, ದೋಣಿ ಓಡಾಡೋಕೆ ಮಾತ್ರ ಅಂದೆ. ಅವರು ನಂಬಲಿಲ್ಲ. ಸ್ವಲ್ಪ ದೂರ ನಡೆದು, ಬಗ್ಗಿ, ದಂಡೆಯ ಆಚೆ ಹೊಲದ ಕಡೆ ಸಣ್ಣ ಕಾಲುವೆ ಏನಾದರೂ ಹೋಗಿದೆಯಾ ಅಂತ ನೋಡಿ ಬಂದರು. "ಅಷ್ಟೂ ನೀರು ದೋಣಿಗೇನಾ?" ಅಂದರು. ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಕಡೆ ಕೊನೆ ಭಾಗದ ರೈತರಿಗೆ ನೀರು ಮುಟ್ಟಿಸೋಕೆ ರಾತ್ರಿಯೆಲ್ಲ ಟಾರ್ಚ್ ಹಿಡಿದು ನಾಲೆ ಏರಿ ಮೇಲೆ ತಿರುಗಿದವರು ಅವರು. ಅವರ ಮನಸ್ಸಿಗೆ ಏನನ್ನಿಸಿರಬಹುದು ಅಂತ ನನಗೆ ಗೊತ್ತಾಯಿತು.

ಅಲ್ಲಿ ಲಾಕ್ ನೋಡಿಕೊಳ್ಳುವ ಸ್ವಯಂಸೇವಕರೊಬ್ಬರು ಇದ್ದರು, ಅಪ್ಪನಷ್ಟೇ ವಯಸ್ಸು. ಅಪ್ಪ ನಾಲೆ ಕೆಲಸದವರು ಅಂತ ಹೇಳಿದೆ. ಅವರ ಮುಖ ಅರಳಿತು. ಇಲ್ಲೂ ಬೇಸಿಗೆಯಲ್ಲಿ ನೀರಿನ ಪರದಾಟ ಇದೆ, ಎರಡು ದೋಣಿ ಕಾದು ಒಟ್ಟಿಗೆ ದಾಟಿದರೆ ಅರ್ಧ ನೀರು ಉಳಿಯುತ್ತೆ ಅಂತ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. "ಅದು ಸರಿ" ಅಂತ ಅಪ್ಪ ತಲೆಯಾಡಿಸಿದರು. ಅಲ್ಲಿಂದ ಮುಂದೆ ಇಬ್ಬರಿಗೂ ನಾನು ಬೇಕಾಗಲೇ ಇಲ್ಲ. ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತು.

ಕೊನೆಗೆ ಅವರು ಅಪ್ಪನನ್ನು ಕದದ ದೊಡ್ಡ ಮರದ ತೊಲೆಗೆ ಬೆನ್ನು ಕೊಟ್ಟು ನಿಲ್ಲಿಸಿದರು. ನೆಲದಲ್ಲಿ ಅರ್ಧಚಂದ್ರದ ಹಾಗೆ ಇಟ್ಟಿಗೆಗಳನ್ನು ಸ್ವಲ್ಪ ಎದ್ದು ನಿಲ್ಲುವಂತೆ ಜೋಡಿಸಿದ್ದಾರೆ, ಕಾಲು ಜಾರದಿರಲಿ ಅಂತ. ಅಪ್ಪನ ಹಿಮ್ಮಡಿ ತಾನಾಗೇ ಅದಕ್ಕೆ ಸಿಕ್ಕಿತು. ತಳ್ಳಿದರು. ಕದ ಜಪ್ಪಯ್ಯ ಅಂದರೂ ಅಲುಗಲಿಲ್ಲ. ತಾಳಿ ಅಂತ ಅವರು ಕೈ ತೋರಿಸಿದರು. ಒಳಗಿನ ನೀರೂ ಹೊರಗಿನ ನೀರೂ ಸಮ ಆಗುವವರೆಗೆ ಆನೆ ತಳ್ಳಿದರೂ ಅದು ತೆರೆಯಲ್ಲವಂತೆ. ಒಂದು ನಿಮಿಷ ಆಯಿತು. ನೀರಿನ ಸದ್ದು ನಿಂತಿತು. ಆಗ ಅಷ್ಟು ದೊಡ್ಡ ಕದ ಬೆಣ್ಣೆ ಹಾಗೆ ಹಿಂದಕ್ಕೆ ಸರಿಯಿತು. ದೋಣಿಯವರು ಚಪ್ಪಾಳೆ ತಟ್ಟಿದರು. ಅಪ್ಪ ಬೆವರು ಒರೆಸಿಕೊಂಡು ನಗುತ್ತಿದ್ದರು. ಬೆಂಗಳೂರು ಏರ್‌ಪೋರ್ಟ್ ಬಿಟ್ಟ ಮೇಲೆ ಅವರು ಅಷ್ಟು ನಕ್ಕಿದ್ದು ನಾನು ನೋಡಿರಲಿಲ್ಲ.

ಎರಡನೇ ಸಲ ಸುರಂಗದವರೆಗೆ ಅಮ್ಮನೂ ಬಂದರು. ಎರಡು ಕಡೆ ಕೂತು, ಪೂರ್ತಿ ನಡೆದರು. ರಾತ್ರಿ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟೆ, ಬೆಳಿಗ್ಗೆ ಊತ ಇರಲಿಲ್ಲ. ಮೂರನೇ ಸಲ ಅಮ್ಮನನ್ನು ಬೆಂಚಿನ ಮೇಲೆ ಥರ್ಮಾಸ್ ಜೊತೆ ಕೂರಿಸಿ, ಗಂಡನನ್ನು ಜೊತೆಗೆ ಬಿಟ್ಟು, ನಾನು ಅಪ್ಪ ಗುಡ್ಡ ಹತ್ತಿದೆವು. ಗಾಳಿಗೂಡಿನ ಇಟ್ಟಿಗೆಗೆ ಅಪ್ಪ ಕಿವಿ ಇಟ್ಟು ನಿಂತರು. "ಹುಲಿಕೆರೆ ಸುರಂಗದ್ದೂ ಇಷ್ಟೇ ಉದ್ದ" ಅಂದರು. ಹೌದಾ? ಯಾರಿಗಾದರೂ ಗೊತ್ತಾ?

ತುಂಗಾ ತೀರ (ನಾರ್ತಾಂಪ್ಟನ್)

ತಂಗಿ, ಇದನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ನನ್ನಾಕೆ ಕಣ್ಣು ಒರೆಸಿಕೊಂಡಳು.

ನಿಮ್ಮ ತಂದೆ ಹೇಳಿದ್ದು ಸರಿ. ವಿಶ್ವೇಶ್ವರಯ್ಯ ನಾಲೆಯ ಹುಲಿಕೆರೆ ಸುರಂಗ ಸುಮಾರು 2.8 ಕಿ.ಮೀ. ಉದ್ದ. ಇದೂ 2.8. ಅದು ಕನ್ನಂಬಾಡಿ ನೀರನ್ನು ಮಂಡ್ಯದ ಗದ್ದೆಗೆ ತಲುಪಿಸುತ್ತೆ, ಇದು ಕಲ್ಲಿದ್ದಲು ದೋಣಿಯನ್ನು ಲಂಡನ್‌ಗೆ ತಲುಪಿಸಿತು. ಎರಡನ್ನೂ ಬಲ್ಲ ಒಬ್ಬರು ಆ ಗುಡ್ಡದ ಮೇಲೆ ನಿಂತು ಅಳೆದರಲ್ಲ, ಅದೇ ನನಗೆ ಖುಷಿ.

ಅವರಿಗೆ ಇನ್ನೊಂದು ಜಾಗ ತೋರಿಸಲೇಬೇಕು. ಬ್ಲಿಸ್ವರ್ತ್ ದಾಟಿ ಗೇಟನ್ ಹತ್ತಿರ ಕಾಲುವೆ ಕವಲೊಡೆಯುತ್ತೆ. ಕವಲಿನಲ್ಲಿ ಹದಿನೇಳು ಲಾಕ್ ಇಳಿದರೆ ನಾರ್ತಾಂಪ್ಟನ್‌ನಲ್ಲಿ ನೆನ್ ನದಿ ಸಿಗುತ್ತೆ. 1815ರಲ್ಲಿ ತೆರೆದದ್ದು. ಅಲ್ಲಿನ ಲಾಕುಗಳು ಅರ್ಧ ಅಗಲ, ಒಂದೇ ದೋಣಿ ಹಿಡಿಯೋದು. ಮುಖ್ಯ ಕಾಲುವೆಯ ಜೋಡಿ ದೋಣಿ ಲಾಕಿಗೂ ಇದಕ್ಕೂ ಎಷ್ಟು ನೀರು ವ್ಯತ್ಯಾಸ ಅಂತ ಅವರೇ ಲೆಕ್ಕ ಹಾಕಲಿ. ಸಾಲಾಗಿ ಇರುವ ಮೇಲಿನ ಲಾಕುಗಳ ಪಕ್ಕ ನಡೆದರೂ ಸಾಕು. ಅಮ್ಮನನ್ನು ನಮ್ಮ ಮನೆಯಲ್ಲಿ ಬಿಡಿ, ನನ್ನಾಕೆ ಜೊತೆ ಇರಲಿ. ಮಧ್ಯಾಹ್ನ ಊಟಕ್ಕೆ ಎಲ್ಲರೂ ನಮ್ಮಲ್ಲೇ.

ಮಂಡ್ಯದ ಮಗಳು (ಮಿಲ್ಟನ್ ಕೀನ್ಸ್)

ಅಪ್ಪನಿಗೆ ಓದಿ ಹೇಳಿದೆ ಅಣ್ಣ. ಹದಿನೇಳು ಅಂದ ತಕ್ಷಣ ಎದ್ದು ಶೂ ಎಲ್ಲಿದೆ ಅಂತ ಕೇಳಿದರು. ಶನಿವಾರ ಹತ್ತು ಗಂಟೆಗೆ ಬರುತ್ತೇವೆ. ಅಮ್ಮ ಹುರಿಹಿಟ್ಟು, ಕೋಡುಬಳೆ ತರುತ್ತಾರಂತೆ. ಬೇರೆ ಯಾರು ಬರುತ್ತೀರಿ?

ರೈಲಿನಲ್ಲೇ ತಿರುಗುವವ (ಲಂಡನ್)

ನಾನು ಬರುತ್ತೇನೆ. ನಾರ್ತಾಂಪ್ಟನ್ ಸ್ಟೇಷನ್‌ನಿಂದ ಯಾರಾದರೂ ಕರೆದುಕೊಂಡು ಹೋಗುತ್ತೀರಾ?

ತುಂಗಾ ತೀರ (ನಾರ್ತಾಂಪ್ಟನ್)

ಒಂಬತ್ತೂವರೆಗೆ ಸ್ಟೇಷನ್ ಮುಂದೆ ಇರುತ್ತೇನೆ. ಮಳೆ ಬಂದರೂ ಹೊರಡೋಣ, ಕೊಡೆ ತನ್ನಿ.